ಆಕಾಶ ಆರಿಸಲು ಹೋದವನು

ಇಟಲಿಗೆ ಎದುರು ದಡದ ನಮ್ಮ ದಲ್ಮಾಟಿಯಾದ ದ್ವೀಪಗಳಲ್ಲಿ ಒಬ್ಬ ಮನುಷ್ಯ ಬದುಕಿಡೀ ಏನು ದುಡಿದ ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಒಂದು ಸಂಜೆ ಏನು ಎಡವಟ್ಟು ಮಾಡಿದ ಎಂಬುದನ್ನು ಮಾತ್ರ ಮೂರು ತಲೆಮಾರು ಜೋಪಾನ ಮಾಡುತ್ತೇವೆ. ಬಾರ್ತುಲ್ ಎಂಬತ್ತಮೂರು ವರ್ಷ ಬಾಳಿದ. ದ್ರಾಕ್ಷಿ ಬೆಳೆದ, ಹನ್ನೊಂದು ದೋಣಿ ಕಟ್ಟಿದ, ಎರಡು ಮಹಾಯುದ್ಧ ದಾಟಿದ, ಯಾರಿಗೂ ಕೆಡುಕು ಬಯಸಲಿಲ್ಲ. ಅವನ ಗೋರಿಯ ಮುಂದೆ ನಿಂತವರು ಈಗಲೂ ಹೇಳುವುದು ಒಂದೇ ಮಾತು: "ಇವ್ನೇ ನೋಡು, ಆಕಾಶ ಆರಿಸಕ್ಕೆ ಹೋದೋನು."

ನಾನು ಈ ಊರಿನ ಅಂಚೆಯವಳು. ಅರವತ್ತೊಂದನೇ ಇಸವಿಯಿಂದ ಇಲ್ಲಿನ ಮೆಟ್ಟಿಲುಗಳನ್ನು ಹತ್ತಿ ಇಳಿದು ಮಂಡಿ ಸವೆಸಿಕೊಂಡಿದ್ದೇನೆ. ಯಾರ ಮನೆಯಲ್ಲಿ ಕಾಗದ ಒಡೆದು ಓದುತ್ತಾರೆ, ಯಾರ ಮನೆಯಲ್ಲಿ ಓದದೆ ಒಲೆಗೆ ಹಾಕುತ್ತಾರೆ, ಎಲ್ಲ ಬಲ್ಲೆ. ಬಾರ್ತುಲ್‌ನ ಅಡುಗೆಮನೆಯಲ್ಲಿ ನನಗೆಂದೇ ಒಂದು ಮೂರುಕಾಲಿನ ಮಣೆ ಇತ್ತು. ಹಾಗಾಗಿ ಅವನ ಕಥೆ ಹೇಳುವ ಹಕ್ಕು ನನಗೆ ಉಳಿದವರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು.

ಮೊದಲ ಯುದ್ಧದಲ್ಲಿ ಅವನನ್ನು ಪೂಲಾದ ಹಡಗುಕಟ್ಟೆಗೆ ಹಾಕಿದ್ದರಂತೆ, ಬೆಂಕಿ ಆರಿಸುವ ದಳಕ್ಕೆ. ಅಲ್ಲಿ ನಾಲ್ಕು ವರ್ಷದಲ್ಲಿ ಒಂದು ಬೆಂಕಿಯೂ ಅವನ ಪಾಳಿಯಲ್ಲಿ ಬೀಳಲಿಲ್ಲ. ಆ ಕೊರಗು ಹೊತ್ತುಕೊಂಡೇ ಊರಿಗೆ ಬಂದು, ಇಲ್ಲೊಂದು ಅಗ್ನಿದಳ ಕಟ್ಟಿದ. ಹನ್ನೆರಡು ಜನ, ಹನ್ನೆರಡು ಹಿತ್ತಾಳೆ ಶಿರಸ್ತ್ರಾಣ, ಒಂದು ಡೋಲು, ಮುಖ್ಯಭೂಮಿಯಿಂದ ದೋಣಿಯಲ್ಲಿ ತಂದ ಎರಡು ಚಕ್ರದ ಕೈಪಂಪು.

ಊರಿಗೆ ಬೇಕಾದದ್ದೆಲ್ಲ ಆಯಿತು, ಬೆಂಕಿಯೊಂದನ್ನು ಬಿಟ್ಟು. ಇಲ್ಲಿ ಗೋಡೆ ಕಲ್ಲು, ಬೀದಿ ಕಲ್ಲು, ಜನರ ತಲೆಯೂ ಕಲ್ಲೇ ಎಂದು ಆಗಿನ ಪಾದ್ರಿಗಳು ಹೇಳುತ್ತಿದ್ದರು. ಇನ್ನು ಪಂಪಿನ ಪಾಡು. ಊರೆಲ್ಲ ಮೆಟ್ಟಿಲು. ಚಕ್ರ ಉರುಳುವಂಥ ನೆಲ ಇರುವುದು ದೋಣಿಕಟ್ಟೆಯ ಮೇಲೆ ಮಾತ್ರ. ಅದನ್ನು ಕೊಳ್ಳುವಾಗ ಇದು ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಕೊಳ್ಳಲು ಹೋದವರೆಲ್ಲ ಅದನ್ನು ನೋಡಿದ್ದು ಕಟ್ಟೆಯ ಮೇಲೆಯೇ. ಕೊನೆಗೆ ಚರ್ಚಿನಲ್ಲಿ ಸಂತನ ಮೂರ್ತಿ ಹೊರುವ ಉದ್ದನೆಯ ಎರಡು ಕೋಲುಗಳಿದ್ದವಲ್ಲ, ಪಾದ್ರಿಗಳ ಕಾಲು ಹಿಡಿದು ಅವನ್ನು ಇಸಿದುಕೊಂಡು, ಬೇಕೆಂದಾಗ ಪಂಪನ್ನು ಎಂಟು ಜನ ಹೆಗಲ ಮೇಲೆ ಹೊರುವುದು ಎಂದಾಯಿತು.

ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಕಟ್ಟೆಯಲ್ಲಿ ಕವಾಯತು. ಯಾವ ಮನೆಯವರೂ ತಮ್ಮ ಮಳೆನೀರಿನ ತೊಟ್ಟಿ ಮುಟ್ಟಲು ಬಿಡುತ್ತಿರಲಿಲ್ಲ. "ಕುಡಿಯೋ ನೀರು ಕಳ್ಕೊಳ್ಳೋದಕ್ಕಿಂತ ಮನೆ ಸುಟ್ಕೊಳ್ಳೋದು ವಾಸಿ" ಎನ್ನುತ್ತಿದ್ದರು. ಆದ್ದರಿಂದ ಸಮುದ್ರದ ನೀರೆತ್ತಿ ಕಡಲಹಕ್ಕಿಗಳ ಮೇಲೆ ಹೊಡೆಯುವುದು. ಡೋಲು ಬಾರಿಸುತ್ತಿದ್ದ ಮಿಕೂಲಾ ಬಾಯಿಬಡುಕ. ಅವನದು ಪ್ರತಿ ವಾರ ಒಂದೇ ಕುಹಕ: "ನಾಯಕ್ರೇ, ಈ ವಾರಾನೂ ಒಂದು ಹಕ್ಕಿಗೂ ಬೆಂಕಿ ಹತ್ತಲಿಲ್ಲ. ನಿಮ್ಮ ಪುಣ್ಯ!"

ಬಾರ್ತುಲ್ ಮಾತಿಗೆ ಮಾತು ಕೊಡುವವನಲ್ಲ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಹೆಂಡತಿ ಪೆರಿನಾ ಮಾತ್ರ ಚುರುಕು. ನಾಲಿಗೆಯೂ ಚುರುಕು, ಬೆರಳೂ ಚುರುಕು. ಅವಳು ಹೆಣೆದ ಲೇಸು ಬಿಷಪ್ಪರ ಮೈಮೇಲೆ ಇದೆ ಎಂದು ಊರು ಬೀಗುತ್ತಿತ್ತು. ಮಕ್ಕಳಾಗಲಿಲ್ಲ. "ಹನ್ನೆರಡು ಗಂಡುಮಕ್ಕಳಿದಾರಲ್ಲ, ಹಿತ್ತಾಳೆ ತಲೆಯವು" ಎಂದು ಅವಳೇ ನಗುತ್ತಿದ್ದಳು.

ಹೀಗೆ ಹದಿನಾರು ವರ್ಷ ಕಳೆಯಿತು. ಮೂವತ್ತೆಂಟನೇ ಇಸವಿಯ ಜನವರಿ ಇಪ್ಪತ್ತೈದು, ಸಂತ ಪೌಲನ ಹಬ್ಬ. ಹೆಂಗಸರೆಲ್ಲ ಸಂಜೆಯ ಪ್ರಾರ್ಥನೆಗೆ ಚರ್ಚಿನಲ್ಲಿದ್ದರು. ಬಾರ್ತುಲ್ ತನ್ನ ಮನೆಯ ನೆಲಮಾಳಿಗೆಯಲ್ಲಿ, ದೋಣಿಗೆ ಬಳಿಯಲು ರಾಳದ ಪಾತ್ರೆಯನ್ನು ಒಲೆಯ ಮೇಲಿಟ್ಟು ಕಲಕುತ್ತ ಕೂತಿದ್ದ. ಮಿಕೂಲಾ ಓಡಿ ಬಂದು ಬಾಗಿಲಿಗೆ ಗುದ್ದಿದ.

"ಬೆಂಕಿ! ಬೆಂಕಿ!"

"ಎಲ್ಲಿ?"

"ಗುಡ್ಡದ ಆಚೆ! ಡೋಲಾಟ್ಸ್ ಹೊತ್ತಿ ಉರೀತಿದೆ, ಆಕಾಶೆಲ್ಲ ಕೆಂಪು!"

"ದೇವರು ದೊಡ್ಡವನು!" ಎಂದು ಬಾರ್ತುಲ್ ಶಿಲುಬೆಯ ಗುರುತು ಹಾಕಿಕೊಂಡ.

ಡೋಲಾಟ್ಸ್ ದ್ವೀಪದ ಬಡಗಣ ದಡದ ಊರು. ನಮಗೂ ಅವರಿಗೂ ನಡುವೆ ಒಂದು ಗುಡ್ಡ ಮತ್ತು ನೂರು ವರ್ಷದ ಮನಸ್ತಾಪ. ಆದರೆ ಬೆಂಕಿ ಅಂದರೆ ಬೆಂಕಿ. ಅದೂ ಅಲ್ಲದೆ, ಡೋಲಾಟ್ಸಿನವರ ಬೆಂಕಿಯನ್ನು ನಮ್ಮವರು ಆರಿಸುವುದೆಂದರೆ ಅದಕ್ಕಿಂತ ದೊಡ್ಡ ಅವಮಾನ ಅವರಿಗೆ ಮಾಡಲು ಸಾಧ್ಯವಿರಲಿಲ್ಲ. ಚರ್ಚಿನ ಗಂಟೆ ಬಡಿಯಿತು. ಹನ್ನೆರಡು ಶಿರಸ್ತ್ರಾಣಗಳು ಹೊಳೆದವು. ಊರ ಗಂಡಸರೆಲ್ಲ ಬಕೆಟ್ಟು ಹಿಡಿದು ಹಿಂದೆ ಬಿದ್ದರು. ಪಂಪು ಹೆಗಲೇರಿತು.

ಇಲ್ಲಿಯೇ ಆದದ್ದು ನೋಡಿ. ಆ ಎಂಟು ಹೆಗಲುಗಳು ಆ ಕೋಲುಗಳನ್ನು ಹೊತ್ತದ್ದು ಹುಟ್ಟಿದಾಗಿನಿಂದ ಸಂತನ ಮೆರವಣಿಗೆಗೆ ಮಾತ್ರ. ಕೋಲು ಹೆಗಲ ಮೇಲೆ ಬಿದ್ದ ಕೂಡಲೆ ಕಾಲುಗಳು ತಮ್ಮಷ್ಟಕ್ಕೆ ಮೆರವಣಿಗೆಯ ನಡೆ ಹಿಡಿದವು. ಎರಡು ಹೆಜ್ಜೆ, ಒಂದು ನಿಲುಗಡೆ. ಮತ್ತೆ ಎರಡು ಹೆಜ್ಜೆ, ಒಂದು ನಿಲುಗಡೆ.

"ಓಡ್ರೋ!" ಎಂದು ಬಾರ್ತುಲ್ ಕೂಗಿದ.

"ಓಡ್ತಾನೇ ಇದೀವಿ, ನಾಯಕ್ರೇ!" ಎಂದರು ಹೊತ್ತವರು. ಮತ್ತೆ ಎರಡು ಹೆಜ್ಜೆ, ನಿಂತರು. ಯಾರೋ ರೂಢಿಯ ಮೇಲೆ ಸಂತನ ಸ್ತುತಿ ಶುರುಮಾಡಿದರಂತೆ, ಹಿಂದಿನವರು ದನಿಗೂಡಿಸಿದರಂತೆ. ಓಡಿದರೆ ಕಾಲು ಗಂಟೆಯ ದಾರಿ. ಮುಕ್ಕಾಲು ಗಂಟೆ ಹಿಡಿಯಿತು.

ಗುಡ್ಡದ ನೆತ್ತಿಗೆ ಬಂದು ಕೆಳಗೆ ನೋಡಿದರೆ ಡೋಲಾಟ್ಸ್ ತಣ್ಣಗಿತ್ತು. ಒಂದು ಹುಲ್ಲುಕಡ್ಡಿಯೂ ಸುಟ್ಟಿರಲಿಲ್ಲ. ಜನರೆಲ್ಲ ದಡದಲ್ಲಿ ಮಂಡಿಯೂರಿ ಕೂತು ಆಕಾಶ ನೋಡುತ್ತಿದ್ದರು. ಕಡಲಿನಾಚೆ, ಮುಖ್ಯಭೂಮಿಯ ಬೆಟ್ಟಗಳಿಗಿಂತ ಎಷ್ಟೋ ಮೇಲೆ, ಬಡಗಣ ಆಕಾಶವೇ ಕೆಂಪಗಾಗಿತ್ತು. ಒಂದು ವಾರದ ಮೇಲೆ ಪತ್ರಿಕೆ ಬಂದಾಗ ಪಾದ್ರಿಗಳು ಅದನ್ನು ಓದಿ ಹೇಳಿದರು: ಅದು ಉತ್ತರಧ್ರುವದ ಬೆಳಕು, ನಮ್ಮಂಥ ಬೆಚ್ಚನೆಯ ಕರಾವಳಿಗೆ ತಲೆಮಾರಿಗೊಮ್ಮೆ ದಾರಿತಪ್ಪಿ ಬರುವ ನೆಂಟ. ಆ ಸಂಜೆ ಅದು ಯಾರಿಗೂ ಗೊತ್ತಿರಲಿಲ್ಲ.

"ನಾಯಕ್ರೇ, ಇದು ನಮ್ಮ ಕೈಲಿ ಆರೋದಲ್ಲ. ಇಷ್ಟುದ್ದ ಕೊಳವೆ ಇಲ್ಲ," ಎಂದ ಮಿಕೂಲಾ. "ಮನೆಗೆ ಹೋಗಣ."

"ಇರ್ರಿ," ಎಂದ ಬಾರ್ತುಲ್. "ಇತ್ತ ಬಂದ್ರೆ?"

ಪಂಪನ್ನು ಇಳಿಸಿ, ಹನ್ನೆರಡು ಜನ ಸಾಲಾಗಿ ನಿಂತು, ಬೆಂಕಿ ಇತ್ತ ಬಂದರೆ ಎಂದು ಕಾದರು. ಒಂದು ಗಂಟೆ ಕಾದರು.

ಆ ಒಂದು ಗಂಟೆಯಲ್ಲಿ, ನಮ್ಮೂರಿನ ನೆನಪಿನಲ್ಲಿ ಮೊದಲ ಬಾರಿಗೆ, ನಮ್ಮೂರಿನಲ್ಲಿ ಬೆಂಕಿ ಬಿತ್ತು. ಅಗ್ನಿದಳದ ನಾಯಕನ ಮನೆಯಲ್ಲೇ ಬಿತ್ತು. ಒಲೆಯ ಮೇಲೆ ಮರೆತುಹೋದ ರಾಳ ಉಕ್ಕಿ, ಬಲೆಗಳಿಗೆ ಹತ್ತಿ, ಏಣಿಯ ತೂತಿನಿಂದ ಮೇಲಿನ ಕೋಣೆಗೆ ಏರಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳುತ್ತಾರೆಯೇ? ಊರಿನಲ್ಲಿ ಗಂಡಸು ಎಂಬ ಪ್ರಾಣಿ ಇರಲಿಲ್ಲ. ಪೆರಿನಾ ದ್ರಾಕ್ಷಿಗೆ ಮೈಲುತುತ್ತ ಹೊಡೆಯುವ ತಾಮ್ರದ ಡಬ್ಬಿಯಲ್ಲಿ ನೀರು ತುಂಬಿ ಬೆನ್ನಿಗೆ ಕಟ್ಟಿಕೊಂಡು, ಹಿಂಬದಿಯ ದಿಬ್ಬದಿಂದ ಛಾವಣಿ ಹತ್ತಿದಳು. ಹೆಂಚು ಕಿತ್ತು ಮೇಲಿನಿಂದ ನೀರು ಹೊಡೆದಳು. ಉಳಿದ ಹೆಂಗಸರು ತೊಟ್ಟಿಯಿಂದ ಸಾಲು ನಿಂತು ಕೊಡ ಸಾಗಿಸಿದರು. ಆ ದಿನ ಯಾರೂ ಕುಡಿಯುವ ನೀರು ಅನ್ನಲಿಲ್ಲ. ಮನೆ ಉಳಿಯಿತು. ಅವಳ ತವರಿನ ಪೆಟ್ಟಿಗೆ ಉಳಿಯಲಿಲ್ಲ. ಬಲಗೈಯ ತೋರುಬೆರಳು, ನಡುಬೆರಳು ಸುಟ್ಟು ಮುರುಟಿ ಕೊಕ್ಕೆಯಾದವು. ಲೇಸು ಹೆಣೆಯುವುದು ಅಲ್ಲಿಗೆ ಮುಗಿಯಿತು.

ಗಂಡಸರು ಮರಳಿ ಬಂದಾಗ ಹೆಂಗಸರು ಮಸಿ ಬಳಿದ ಮುಖದಲ್ಲಿ ಮೆಟ್ಟಿಲ ಮೇಲೆ ಕೂತಿದ್ದರಂತೆ. ಬಾರ್ತುಲ್ ಶಿರಸ್ತ್ರಾಣ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೆಂಡತಿಯ ಮುಂದೆ ನಿಂತ.

"ಆರಿಸಿದ್ಯಾ?" ಎಂದು ಪೆರಿನಾ ಕೇಳಿದಳು.

ಅಷ್ಟೇ. ಆಮೇಲೆ ನಾಲ್ಕು ತಿಂಗಳು ಅವನೊಂದಿಗೆ ಮಾತಾಡಲಿಲ್ಲ.

ಈ ನಡುವೆ ಮುಖ್ಯಭೂಮಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದ. ಊರಿನವರು ಒಂದು ಸುಳ್ಳನ್ನೂ ಹೇಳಲಿಲ್ಲ. ಬೆಂಕಿ ಬಿದ್ದದ್ದು ನಿಜವೇ? ನಿಜ. ಗಂಟೆ ಬಡಿದಿರಾ? ಬಡಿದೆವು. ದಳ ಹೊರಟಿತೇ? ಪೂರ್ತಿ ಸಜ್ಜಾಗಿ ಹೊರಟಿತು. ಬೆಂಕಿ ಆರಿತೇ? ಆರಿತು. ಮುಂದಿನ ವರ್ಷ ಬಾರ್ತುಲ್‌ಗೆ ರಾಜಮುದ್ರೆಯ ಪದಕ ಬಂತು. ಅವನು ಅದನ್ನು ಕೈಯಲ್ಲಿ ಹಿಡಿಯಲು ನಾಚಿಕೊಂಡು ಮೇಜಿನ ಮೇಲೆ ಬಿಟ್ಟ. ಪೆರಿನಾ ಎತ್ತಿಕೊಂಡು ಹೋಗಿ ನೆಲಮಾಳಿಗೆಯಲ್ಲಿ ಆ ತಾಮ್ರದ ಡಬ್ಬಿಗೆ ಸಿಕ್ಕಿಸಿದಳು. ರಾಜ ಹೋದ, ಇಟಲಿಯವರು ಬಂದರು, ಹೋದರು, ಕೆಂಪು ನಕ್ಷತ್ರದವರು ಬಂದರು. ಪದಕ ಡಬ್ಬಿಯ ಎದೆಯ ಮೇಲೇ ಇತ್ತು. ಅಂಚೆ ಕೊಡಲು ಮೊದಲ ಬಾರಿ ಹೋದಾಗ ನಾನೇ ಕಣ್ಣಾರೆ ನೋಡಿದೆ.

ನಾಲ್ಕು ತಿಂಗಳ ಮೌನ ಮುರಿದ ಬಗೆಯೇ ಈ ಬದುಕಿನ ತಿರುವು. ಒಂದು ಸಂಜೆ ಪೆರಿನಾ ಎಡಗೈಯಲ್ಲಿ ಊಟದ ತಟ್ಟೆ ತಂದು ಅವನ ಮುಂದೆ ಕುಕ್ಕಿದಳು. "ಹೇಳು" ಎಂದಳು.

"ಏನ್ ಹೇಳ್ಲಿ?"

"ನೀನು ನೋಡಿದ್ದು. ಇಲ್ಲಿ ನನ್ನ ಕೈ ಬೇಯ್ತಿದ್ದಾಗ ಅಲ್ಲಿ ನಿಂತು ಒಂದು ಗಂಟೆ ನೋಡಿದ್ಯಲ್ಲ, ಅದು. ನಾನಂತೂ ಹೊಗೆ ನೋಡಿದೆ. ನೀನು ನೋಡಿದ್ದು ಅಷ್ಟು ಚೆನ್ನಾಗಿತ್ತಾ ಅಂತ ನಂಗೂ ತಿಳೀಲಿ."

ಬಾರ್ತುಲ್ ತುಂಬ ಹೊತ್ತು ಯೋಚಿಸಿದ. "ಕೆಂಪಗಿತ್ತು," ಎಂದ.

"ಇಷ್ಟೇನಾ?" ಎಂದಳು ಪೆರಿನಾ. "ಬರೀ ಕೆಂಪಿಗೆ ನನ್ನ ಎರಡು ಬೆರಳಾ?"

ಅವತ್ತಿನಿಂದ ಪ್ರತಿ ವರ್ಷ ಸಂತ ಪೌಲನ ಹಬ್ಬದ ಸಂಜೆ ಅವನು ಹೇಳಬೇಕು, ಅವಳು ಕೇಳಬೇಕು. ಅವಳು ಒಮ್ಮೆ "ಸಾಕು" ಎಂದರೆ ಮುಗಿಯಿತು, ತಾನು ಕ್ಷಮೆ ಪಡೆದಂತೆ ಎಂದು ಅವನು ಮನಸ್ಸಿನಲ್ಲಿ ಗೆರೆ ಹಾಕಿಕೊಂಡ. ಪಾಪ, ದಿನಕ್ಕೆ ಹತ್ತು ಮಾತಿನ ಮನುಷ್ಯ! ದ್ರಾಕ್ಷಿ ತೋಟದಲ್ಲಿ ಬಳ್ಳಿಗಳ ಮುಂದೆ ನಿಂತು ವರ್ಷವಿಡೀ ಅಭ್ಯಾಸ ಮಾಡುತ್ತಿದ್ದ. ಎರಡನೇ ವರ್ಷ ಕೆಂಪಿನ ಜೊತೆ ಬಿಳಿಯ ಗೆರೆಗಳು ಬಂದವು. "ಇಷ್ಟೇನಾ?" ಎಂದಳು. ಮೂರನೇ ವರ್ಷ ಹಸಿರು ಬಂತು. ಯುದ್ಧದ ವರ್ಷಗಳಲ್ಲಿ ನೇರಳೆ, ಬಂಗಾರ. ನಾನು ಅಂಚೆಗೆ ಸೇರುವ ಹೊತ್ತಿಗೆ ಆಕಾಶದಲ್ಲಿ ಹಾಯಿ ಬಿಚ್ಚಿದ ಹಡಗುಗಳಿದ್ದವು, ರೇಷ್ಮೆ ಹರಿಯುವ ಸದ್ದಿತ್ತು, ಪಂಪಿನ ಹಿತ್ತಾಳೆಯಲ್ಲಿ ಮೀನಿನ ಹುರುಪೆಗಳಂತೆ ಬಣ್ಣ ಮಿನುಗುತ್ತಿತ್ತು.

ಊರು ಆ ಸಂಜೆ ಅವರ ಅಡುಗೆಮನೆಯಲ್ಲಿ ಸೇರುತ್ತಿತ್ತು. ಒಣ ಅಂಜೂರ, ಒಂದು ಗುಟುಕು ರಾಕಿಯಾ ಸಾರಾಯಿ, ಬಾರ್ತುಲ್‌ನ ಆಕಾಶ. ಡೋಲಾಟ್ಸಿನವರೂ ಗುಡ್ಡ ಹತ್ತಿ ಬರತೊಡಗಿದರು. ಅವರೂ ಅದೇ ಆಕಾಶವನ್ನು ಅದೇ ದಿನ ನೋಡಿದವರು, ಆದರೆ ಅವರಿಗೂ ಇವನದೇ ಹೆಚ್ಚು ಹಿಡಿಸಿತು. ಮಿಕೂಲಾ ನನ್ನ ಕಿವಿಯಲ್ಲಿ, "ಅಮ್ಮಾ ಅಂಚೆ, ನಾನು ಇವನ ಪಕ್ಕದಲ್ಲೇ ನಿಂತಿದ್ದೆ. ಆ ಹಡಗುಗಳು ನನ್ನ ಕಣ್ಣಿಂದ ಹೆಂಗೆ ತಪ್ಪಿಸ್ಕೊಂಡ್ವು?" ಎಂದ.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಬಾರ್ತುಲ್ ಯಾರ ಕಡೆಯೂ ನೋಡುತ್ತಿರಲಿಲ್ಲ, ಹೆಂಡತಿಯ ಮುಖವನ್ನು ಮಾತ್ರ ನೋಡುತ್ತಿದ್ದ. ಅವಳು ಕೊಕ್ಕೆಬೆರಳುಗಳಿಂದ ಮೇಜಿನ ಮೇಲಿನ ರೊಟ್ಟಿಯ ಪುಡಿ ಗುಡ್ಡೆ ಮಾಡುತ್ತ, "ಇಷ್ಟೇನಾ? ಮುಂದಿನ ವರ್ಷ ನೋಡಣ" ಎಂದು ಏಳುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ.

"ಪೆರಿನಾ ಅತ್ತೆ, ಒಂದು ಮಾತು 'ಸಾಕು' ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಬೆರಳು ನಿಂದಲ್ಲ, ಕಣೇ. ನೀನು ಕಾಗದ ಕೊಟ್ಟು ನಡಿ," ಎಂದಳು.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಬಾರ್ತುಲ್‌ಗೆ ಎದೆಯ ಕಾಯಿಲೆ. ಎಂಬತ್ತು ವಯಸ್ಸು. ಹಬ್ಬದ ಹಿಂದಿನ ದಿನವೇ ಪಾದ್ರಿ ಬಂದು, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿ ಹೋದರು. ಹಬ್ಬದ ಸಂಜೆ ಯಾರೂ ಬರಲಿಲ್ಲ. ಸಾಯುವವನ ಮನೆಗೆ ಕಥೆ ಕೇಳಲು ಹೋಗುವುದು ಹೇಗೆ? ನಾನೊಬ್ಬಳು ಪಿಂಚಣಿಯ ನೆಪ ಮಾಡಿಕೊಂಡು ಹೋಗಿ ಮಣೆಯ ಮೇಲೆ ಕೂತೆ. ಅವನ ಹಾಸಿಗೆಯನ್ನು ಒಲೆಯ ಹತ್ತಿರ ಹಾಕಿದ್ದರು.

"ಪೆರಿನಾ, ಇವತ್ತು ನಿಜ ಹೇಳ್ತೀನಿ," ಎಂದ. ಪ್ರತಿ ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಹಸಿರು ಇರಲಿಲ್ಲ. ಬಂಗಾರ ಇರಲಿಲ್ಲ. ಹಡಗು ನಾನು ಕಟ್ಟಿದ್ದು. ಇನ್ನೊಂದು ಮಾತು. ಗುಡ್ಡದ ನೆತ್ತಿ ಹತ್ತಿದ ತಕ್ಷಣಾನೇ ನಂಗೆ ಗೊತ್ತಾಯ್ತು, ಅದು ಬೆಂಕಿ ಅಲ್ಲ ಅಂತ. ಹೊಗೆ ಇರಲಿಲ್ಲ. ಆಗ್ಲೇ ತಿರುಗಿ ಬರಬಹುದಿತ್ತು. ಬಂದಿದ್ರೆ ನಿನ್ನ ಕೈ ಉಳೀತಿತ್ತು. ನಂಗೆ ಬರಕ್ಕೆ ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿತ್ತು ಕಣೇ. ಅದಕ್ಕೇ ಸುಳ್ಳು ಹೇಳಿ ಎಲ್ಲರನ್ನೂ ನಿಲ್ಲಿಸ್ದೆ."

ನಾನು ನೆಲ ನೋಡುತ್ತ ಕೂತೆ. ಈಗಲಾದರೂ ಇವಳ ಬಾಯಿಂದ ಆ ಮಾತು ಬರಲಿ ಎಂದು ಸಂತ ಪೌಲನಿಗೆ ಮೊರೆಯಿಟ್ಟೆ.

ಪೆರಿನಾ ಒಲೆಗೆ ಇನ್ನೊಂದು ಕೊಳ್ಳಿ ದೂಡಿದಳು. ಆಮೇಲೆ, "ಗೊತ್ತು," ಎಂದಳು. "ಬರೀ ಕೆಂಪು. ನಡುವೆ ಬಿಳಿ ಗೆರೆ. ಮೊದ್ಲು ಐದಿದ್ವು, ಆಮೇಲೆ ಏಳಾದ್ವು. ಸದ್ದು ಇರಲಿಲ್ಲ."

"ನಿಂಗೆ ಹೆಂಗೆ ಗೊತ್ತು?"

"ಛಾವಣಿ ಮೇಲಿದ್ದೆನಲ್ಲ. ಓಣಿಯಿಂದ ಕಾಣ್ತಿರಲಿಲ್ಲ, ಅಲ್ಲಿಂದ ಗುಡ್ಡದ ಮೇಲೆಲ್ಲ ಕಾಣ್ತಿತ್ತು." ಅವಳು ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. "ಹೆಂಚು ಕಿತ್ತು ಒಂದು ಸಲ ತಲೆ ಎತ್ತಿದೆ. ಎತ್ತಿದ್ದು ಎತ್ತಿದ ಹಾಗೇ ನಿಂತುಬಿಟ್ಟೆ. ಕೆಳಗಡೆ ಹೆಂಗಸರು ನೀರು, ನೀರು ಅಂತ ಅರಚ್ತಿದ್ರು. ನಾನು ಗೆರೆ ಎಣಿಸ್ತಿದ್ದೆ. ಕೈ ತೂತಿನ ಅಂಚಲ್ಲೇ ಇತ್ತು. ಕೆಳಗಿಂದ ಜ್ವಾಲೆ ಬಂದಿದ್ದು ನೋಡಲೇ ಇಲ್ಲ. ನಾನು ಕೈ ಸುಟ್ಕೊಂಡಿದ್ದು ಹಾಗೆ. ನೀನು ಮನೇಲಿದ್ರೂ ನಾನು ಸುಟ್ಕೋತಿದ್ದೆ."

ಸಾಯಲು ಮಲಗಿದ್ದ ಬಾರ್ತುಲ್ ಮೊಣಕೈಯೂರಿ ಎದ್ದು ಕೂತ.

"ಮೂವತ್ತಾರು ವರ್ಷ!" ಎಂದು ಅಬ್ಬರಿಸಿದ. ಅವನ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಮೂವತ್ತಾರು ವರ್ಷ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ!"

"ಹೇಳ್ಕೊಳ್ಳಕ್ಕೆ ನಾಚಿಕೆ ಆಯ್ತು," ಎಂದಳು ಪೆರಿನಾ. "ನಿನ್ನನ್ನ ಬೈಕೊಂಡೇ ಬಂದಿದ್ದೆನಲ್ಲ, ನಿಲ್ಲಿಸಕ್ಕೆ ಆಗಲಿಲ್ಲ. ಆಮೇಲೆ... ನೀನು ಮೊದ್ಲು ಮಾತೇ ಆಡ್ತಿರಲಿಲ್ಲ. ಆ ಒಂದು ಸಂಜೆ ಮಾತ್ರ ಆಡ್ತಿದ್ದೆ. ಸಾಕು ಅಂದ್ರೆ ಅದೂ ನಿಂತುಹೋಗ್ತಿತ್ತು."

"ಸೂಪು ಕೊಡು," ಎಂದ ಬಾರ್ತುಲ್. ಮೈಯೆಲ್ಲ ನಡುಗುತ್ತಿತ್ತು. ಕೋಪಕ್ಕೋ, ಜ್ವರ ಬಿಟ್ಟದ್ದಕ್ಕೋ ಹೇಳಲಾರೆ. ಎರಡು ಬಟ್ಟಲು ಕುಡಿದ. ಪಾದ್ರಿಯ ಎಣ್ಣೆ ದಂಡವಾಯಿತು. ಮುದುಕ ಸಿಟ್ಟಿನಿಂದಲೇ ಇನ್ನೂ ಮೂರು ವರ್ಷ ಬದುಕಿದ.

ಮುಂದಿನ ವರ್ಷ ಸಂತ ಪೌಲನ ಹಬ್ಬಕ್ಕೆ ಅಡುಗೆಮನೆ ತುಂಬಿ ಹೊರಗೆ ಮೆಟ್ಟಿಲ ಮೇಲೂ ಜನ ನಿಂತಿದ್ದರು. ನಾನು ಯಾರಿಗೂ ಹೇಳಿರಲಿಲ್ಲ. ಅಂದರೆ, ಇಬ್ಬರಿಗೋ ಮೂವರಿಗೋ ಹೇಳಿದ್ದೆ, ಅಷ್ಟೆ. ಬಾರ್ತುಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೈಕಟ್ಟಿ ಕೂತು, ಹೆಂಡತಿಯ ಕಡೆ ತಿರುಗಿದ.

"ಹೇಳು," ಎಂದ.

ಎಪ್ಪತ್ತೈದು ದಾಟಿದ ಪೆರಿನಾ, ಬಾಯಿಗೆ ಬೀಗವೇ ಇಲ್ಲದ ಪೆರಿನಾ, ಮುಸುಕು ಜಾರಿದ ಮದುವಣಗಿತ್ತಿಯ ಹಾಗೆ ತಬ್ಬಿಬ್ಬಾದಳು. ಎಲ್ಲರನ್ನೂ ನೋಡಿದಳು. ತನ್ನ ಕೈ ನೋಡಿಕೊಂಡಳು.

"ಕೆಂಪಗಿತ್ತು," ಎಂದಳು.

ಮಿಕೂಲಾ ಕೋಲೂರಿಕೊಂಡು ಬಾಗಿಲಲ್ಲಿ ನಿಂತಿದ್ದ. "ಈಗ ಕೇಳ್ತಾನೆ ನೋಡು, ಇಷ್ಟೇನಾ ಅಂತ" ಎಂದು ನನ್ನ ಪಕ್ಕೆಗೆ ತಿವಿದ. ನಾವೆಲ್ಲ ಅದಕ್ಕೇ ಕಾದಿದ್ದೆವು. ನಿಜ ಹೇಳುತ್ತೇನೆ, ಆ ಮುದುಕಿಗೆ ಅದು ಸಲ್ಲಬೇಕಾದದ್ದೇ ಎಂದು ನನಗೂ ಅನಿಸಿತ್ತು.

ಬಾರ್ತುಲ್ ಮೇಜಿನ ಮೇಲೆ ಕೈಚಾಚಿ ಆ ಎರಡು ಕೊಕ್ಕೆಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡ.

"ಸಾಕು, ಪೆರಿನಾ," ಎಂದ. "ಸಾಕು."

ಅವಳು ಎಲ್ಲರ ಮುಂದೆ ಜೋರಾಗಿ ಅತ್ತಳು. ನಾವು ಒಬ್ಬೊಬ್ಬರಾಗಿ ಎದ್ದು, ಅಂಜೂರವನ್ನೂ ಮುಟ್ಟದೆ, ಮನೆಗೆ ಹೋದೆವು.